ಮೊನ್ನೇನೇ ಹೊಂಟ ಚೀಲ

ಗೆಳೆಯರೇ, ನಮ್ಮ ನಾರಾಯಣಪೇಟೆಯಾಗ ವಿಮಾನಕ್ಕ ಮುಹೂರ್ತ ಇಟ್ಟುಕೊಡೋ ಒಬ್ಬನೇ ಗಂಡಸು ನಾನು. ಪೈಲಟ್‌ಗಳು ನನ್ನ ಕೇಳೇ ಹಾರಸ್ತಾರ.

ಮಕ್ಕಳಿಗೆ ಸಿಂಗಾಪುರದ ಥೀಮ್ ಪಾರ್ಕ್ ತೋರಿಸಾಕ ಇವತ್ತಿಗೇ ನಾಕು ಟಿಕೆಟ್ ತಗೊಂಡಿದ್ದೆ. ಇವತ್ತು ಅಮಾಸಿ, ನಮ್ಮ ಸೀರಿ ನೇಯೋ ಮಗ್ಗಕ್ಕ ಹೆಂಗೂ ರಜಾ, ಟಿಕೆಟ್ಟೂ ಅಗ್ಗ ಇತ್ತು. ಹೆಂಡ್ತಿ ಮಾತ್ರ, "ಅಮಾಸಿ ದಿನ ನಾ ಹೊಸ್ತಿಲ ದಾಟಂಗಿಲ್ರೀ" ಅಂತ ಕುಂತ್ಳು.

ನಾ ಬಿಡ್ತೀನೇನು? ಮೊನ್ನೆ ಒಳ್ಳೆ ಗಳಿಗಿ ನೋಡಿ ಒಂದು ಚೀಲ ಪಕ್ಕದ ಮನಿ ಶಾಂತಕ್ಕನ ಹತ್ರ ಇಟ್ಟುಬಂದೆ. ಹಂಗ ಇಟ್ರ ಪ್ರಯಾಣ ಅವತ್ತೇ ಶುರುವಾದಂಗ ಲೆಕ್ಕ. ಖಾಲಿ ಚೀಲ ಇಡಬಾರದಂತ ನಾಕೂ ಪಾಸ್‌ಪೋರ್ಟ್ ಅದರಾಗೇ ಹಾಕಿದ್ದೆ.

ಇವತ್ತು ಮುಂಜಾನೆ ಕಾರು ಬಂತು. ಶಾಂತಕ್ಕನ ಬಾಗಲಕ್ಕ ಕೀಲಿ! ಫೋನ್ ಹಚ್ಚಿದೆ.

"ಗದ್ವಾಲಕ್ಕ ಮಗಳ ಮನಿಗೆ ಬಂದೀನೋ ತಮ್ಮಾ. ನಿಮ್ಮ ಪ್ರಯಾಣ ಮೊನ್ನೇನೇ ಶುರುವಾತಲ್ಲೋ?"

ಅಕಿ ಬರೋದ್ರಾಗ ವಿಮಾನ ಸಿಗಂಗಿಲ್ಲಂತ ಏಜೆಂಟಗ ಫೋನ್ ಮಾಡಿ ತಾರೀಕು ಬದಲಿಸಿದೆ. ಸಣ್ಣ ಮಗಳು ಇನ್ನೂ ಬೂಟು ಬಿಚ್ಚದ ಕಟ್ಟಿ ಮ್ಯಾಲ ಕುಂತಾಳ. "ಮುಂದಿನ ವಾರ ದಿನ ಚಲೋ ಐತ್ರೀ" ಅಂತ ಹೆಂಡ್ತಿ ನಕ್ಕೋತ ಚಹಾ ಕೊಟ್ಳು.

ಅಗ್ಗದ ಟಿಕೆಟ್ಟಿನಾಗ ಮೂರು ಸಾವಿರ ಉಳಿಸಿದ್ದೆ. ತಾರೀಕು ಬದಲಿಸಾಕ ಬರೇ ಎರಡು ಸಾವಿರ ಹೋತು ಅಂತ ಮನ್ಯಾಗ ಹೇಳೀನಿ. ನಿಮಗಷ್ಟ ಖರೇ ಹೇಳ್ತೀನಿ: ಇಪ್ಪತ್ತೆರಡು ಸಾವಿರದ ನಾನೂರು.