ಗೌರಿ ಹಾಕಿದ ಮುದ್ರೆ

ದೆವ್ವ, ಗಾಳಿ ಎನ್ನುವವರನ್ನು ಗೇಲಿ ಮಾಡುವುದರಲ್ಲಿ ನಾನು ಯಾವತ್ತೂ ಮುಂದು. ಕಂಪ್ಯೂಟರ್ ರಿಪೇರಿ ಮಾಡುವವಳಿಗೆ ಅದನ್ನೆಲ್ಲ ನಂಬಲು ಪುರುಸೊತ್ತಾದರೂ ಎಲ್ಲಿ? ಯಾವುದೇ ಕೆಡಲಿ, ಕಾರಣ ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೆ. ಹಾಗೆಂದುಕೊಂಡೇ ಇಷ್ಟು ವರ್ಷ ಈ ಕೆಲಸದಲ್ಲಿ ಅನ್ನ ಉಂಡಿದ್ದೇನೆ. ಆದರೆ ಚಳ್ಳಕೆರೆಯಲ್ಲಿ ಆ ಮಧ್ಯಾಹ್ನ ನಡೆದದ್ದನ್ನು ಬರೆಯಲು ಕೂತರೆ, ನಿಜ ಹೇಳುತ್ತೇನೆ, ಈಗಲೂ ಮೈ ಜುಂ ಎನ್ನುತ್ತದೆ.

ಅದೊಂದು ರೇಷ್ಮೆ ಸೀರೆ ಕಂಪನಿ. ಕಚೇರಿ ಚಳ್ಳಕೆರೆಯಲ್ಲಿ, ಮಗ್ಗಗಳು ಮೊಳಕಾಲ್ಮುರುವಿನಲ್ಲಿ. ಅವರ ಹಳೆಯ ಮೇಲ್ ಸರ್ವರ್‌ಗೆ ಯಾರೋ ಪುಣ್ಯಾತ್ಮರು ಗೌರಿ ಎಂದು ಹೆಸರಿಟ್ಟಿದ್ದರು. ಅದು ಸುಟ್ಟುಹೋಗಿ, ಹೊಸದು ಬಂದು ಎರಡು ತಿಂಗಳಾಗಿತ್ತು. ಆದರೂ ನೆಟ್‌ವರ್ಕ್ ತುಂಬ ಗೌರಿಯ ಹೆಸರಿನ ದಾಖಲೆಗಳು, ಅಂದರೆ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ವಿಳಾಸಗಳು, ಉಳಿದುಕೊಂಡು ಎಲ್ಲರಿಗೂ ಕಿರಿಕಿರಿ ಮಾಡುತ್ತಿದ್ದವು. ಅವನ್ನು ಅಳಿಸುವ ಕೆಲಸ ನನ್ನದು. ಗೌರಿಯಂತೂ ಕರೆಂಟಿನ ವೈರೂ ಇಲ್ಲದೆ ನನ್ನ ಮೇಜಿನ ಮೇಲೆ ಬಿದ್ದಿತ್ತು. ಅದರ ಡಿಸ್ಕ್‌ಗಳನ್ನು ನಾನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದೆ.

ಸರಿಯಾಗಿ ನಾಲ್ಕು ಗಂಟೆಗೆ ಕೊನೆಯ ದಾಖಲೆ ಅಳಿಸಿದೆ. ಗೆದ್ದ ಖುಷಿಯಲ್ಲಿ ಚಹಾ ತರಿಸಿ ಕುಡಿದೆ. ನಾಲ್ಕೂವರೆಗೆ ಗುಜರಿಯವನು ಬಂದು ಗೌರಿಯನ್ನು ಆಟೊಗೆ ಹೇರಿಕೊಂಡು ಹೋದ.

ಅವನು ಅತ್ತ ಹೋದನೋ ಇಲ್ಲವೋ, ಇತ್ತ ಮೊಳಕಾಲ್ಮುರುವಿನಿಂದ ಫೋನ್ ಬಂತು. ಅಲ್ಲಿನ ಹಿರಿಯ ನೇಕಾರ ಓಬಳೇಶಪ್ಪ.

"ಹೋಯ್ತು ಕಣವ್ವಾ, ಅರ್ಜಿ ಹೋಯ್ತು! ತಲುಪೈತೆ ಅಂತ ಉತ್ರಾನೂ ಬಂತು!"

ಎಂಟು ತಿಂಗಳು ಕೂತು ನೇಯ್ದ ಸೀರೆಯ ಫೋಟೊ ಇಟ್ಟು ನೇಕಾರರ ಪ್ರಶಸ್ತಿಯೊಂದಕ್ಕೆ ಅರ್ಜಿ ಹಾಕಿದ್ದರಂತೆ. ಅವತ್ತೇ ಕಡೆಯ ದಿನ, ಐದು ಗಂಟೆಯೊಳಗೆ ಮುಟ್ಟಬೇಕು. ಮುಂದಿನ ಸಲಕ್ಕೆ ಅವರ ವಯಸ್ಸು ಮೀರುತ್ತಿತ್ತು.

"ಯಾವ ಕಂಪ್ಯೂಟರಿಂದ ಕಳಿಸಿದ್ರಿ?" ಎಂದೆ.

"ಇಲ್ಲಿ ಮಗ್ಗದ ಮನೇದ್ರಿಂದ್ಲೇ. ನಾಲ್ಕರ ಮ್ಯಾಲೆ ಎರಡು ಸಲ ವಾಪಸ್ ಬಂತು. ಮೂರನೇ ಸಲ ಹೋಯ್ತು ನೋಡು!"

ಆ ಕಂಪ್ಯೂಟರಿಗೆ ಗೊತ್ತಿದ್ದದ್ದು ಗೌರಿಯ ಹೆಸರೊಂದೇ. ಆ ಹೆಸರನ್ನು ಹೊಸ ಸರ್ವರ್‌ನತ್ತ ತಿರುಗಿಸಿದ್ದರಿಂದ ಅದರ ಮೇಲ್‌ಗಳು ಅಲ್ಲಿಗೆ ಸೇರುತ್ತಿದ್ದವು. ಮೊದಲು ಆ ಕಂಪ್ಯೂಟರಿನಲ್ಲಿ ಹೊಸ ಸರ್ವರ್‌ನ ಹೆಸರು ಹಾಕಬೇಕಿತ್ತು. ಮರೆತು ಹೆಸರನ್ನೇ ಅಳಿಸಿಬಿಟ್ಟಿದ್ದೆ. ಎಂಥ ಎಡವಟ್ಟು! ಆ ಮುದುಕರ ಅರ್ಜಿಯ ದಾರಿಯನ್ನು ನಾನೇ ಮುಚ್ಚಿದ್ದೆ. ಹಾಗಾದರೆ ಅದು ಹೋದದ್ದು ಹೇಗೆ?

ಅರ್ಜಿಯ ಒಂದು ಪ್ರತಿ ಚಳ್ಳಕೆರೆಯ ಕಚೇರಿಗೂ ಬಂದಿತ್ತು. ಮೇಲ್ ಯಾವ ಸರ್ವರ್ ದಾಟಿ ಬಂತು ಎಂಬುದು ಸಮಯದ ಸಮೇತ ಅದರೊಳಗೇ ದಾಖಲಾಗಿರುತ್ತದೆ, ಅಂಚೆ ಮುದ್ರೆಯ ಹಾಗೆ. ತೆರೆದು ನೋಡಿದೆ. ಗೌರಿ. ನಾಲ್ಕು ಗಂಟೆ ಹನ್ನೆರಡು ನಿಮಿಷ.

ಆ ಹೊತ್ತಿಗೆ ನಾನು ಚಹಾದ ಲೋಟವನ್ನು ಗೌರಿಯ ಮೇಲೆಯೇ ಇಟ್ಟುಕೊಂಡು ಕೂತಿದ್ದೆ!

ಚಪ್ಪಲಿಯನ್ನೂ ಮೆಟ್ಟದೆ ಬಳ್ಳಾರಿ ರಸ್ತೆಗೆ ಓಡಿದೆ. ಕಂಡ ಕಂಡ ಆಟೊದೊಳಗೆಲ್ಲ ಇಣುಕಿದೆ. ಜನ ನನಗೇನೋ ಆಗಿದೆ ಎಂದುಕೊಂಡರು. ಗುಜರಿಯವನು ಸಿಗಲಿಲ್ಲ. ವಾಪಸ್ ಬಂದು ಹೊಸ ಸರ್ವರ್ ಜಾಲಾಡಿದರೆ, ಆ ಮೇಲ್ ತನಗೆ ಕೊಟ್ಟದ್ದು ಗೌರಿ ಎಂದೇ ಅದೂ ಬರೆದುಕೊಂಡಿತ್ತು. ನನಗೆ ಭಯಕ್ಕಿಂತ ಹೆಚ್ಚಾಗಿ ಕುಣಿದಾಡುವಂಥ ರೋಮಾಂಚನವಾಗಿತ್ತು. ಯಾರಿಗೆ ಹೇಳಲಿ?

ನನಗಿಂತ ಬಲ್ಲವರಿಗೆ ತೋರಿಸಿದ್ದೇನೆ. ನೂರು ಕಾರಣ ಹೇಳಿದರು. ಒಂದೊಂದನ್ನೂ ಪರೀಕ್ಷಿಸಿ ನೋಡಿದೆ, ಯಾವುದೂ ಹೊಂದಲಿಲ್ಲ.

ಓಬಳೇಶಪ್ಪನವರಿಗೆ ಪ್ರಶಸ್ತಿ ಬಂತು. ತಪ್ಪು ಒಪ್ಪಿಕೊಂಡುಬಿಡೋಣ ಎಂದು ಮೊಳಕಾಲ್ಮುರುವಿಗೆ ಹೋದೆ. ಅವರು ಮಗ್ಗದ ಮುಂದೆ ಕೂತು, ನೇಯ್ದು ಮುಗಿದ ಸೀರೆಯ ಹಾಸಿನಲ್ಲಿ, ಅಂದರೆ ಉದ್ದನೆಯ ನೂಲಿನಲ್ಲಿ, ಉಳಿಸಿಕೊಂಡಿದ್ದ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿದರು. ಸಿಟ್ಟಾಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

"ಆತು ಬಿಡವ್ವಾ. ಆ ಮಿಷಿನ್ ಈಗ ಎಲ್ಲೈತೆ? ನಾನೊಂದ್ ಸಲ ಬಂದು ಕೈ ಮುಗ್ದು ಹೋಗ್ತೀನಿ."

ಗುಜರಿಗೆ ಹಾಕಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.