ನಮ್ಮ ಟ್ಯಾಕ್ಸಿಯವರಿಗೆ ಬರೆದುಕೊಟ್ಟ ಲೆಕ್ಕ

ಅವರ ಬಲಗಾಲಿನ ಹೆಬ್ಬೆರಳು ಎಡಗಾಲಿನದಕ್ಕಿಂತ ದಪ್ಪಗಿತ್ತು. ಅದರ ಬುಡದಲ್ಲಿ ಕಡಲೆಕಾಳಿನಷ್ಟು ಗಟ್ಟಿಯಾದ ಆಣಿ ಕಟ್ಟಿತ್ತು. ಯಾಕೆಂದರೆ ಅವರು ಗಾಡಿ ಓಡಿಸುತ್ತಿದ್ದುದು ಬರಿಗಾಲಿನಲ್ಲಿ. ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಜೋಡಿಸಿಟ್ಟು, ಅಂಗಾಲನ್ನೊಮ್ಮೆ ಒರೆಸಿಕೊಂಡು, ಆಮೇಲೇ ಆಕ್ಸಿಲರೇಟರಿನ ಮೇಲೆ ಕಾಲಿಡುತ್ತಿದ್ದರು. ಮೊದಲ ದಿನ ನೋಡಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಇದೇನು ಗುಡಿಯೇನ್ರಿ ಅಣ್ಣಾರ, ಚಪ್ಪಲಿ ಬಿಡಾಕ, ಅಂತ ಕೇಳಿಯೇಬಿಟ್ಟೆ.

"ಗುಡಿ ಗಿಡಿ ಏನಿಲ್ರಿ ಅಕ್ಕಾರ. ಚಪ್ಲಿ ಹಾಕ್ಕೊಂಡ್ರ ಗಾಡಿ ಎಷ್ಟು ಡೀಸೆಲ್ ಕುಡಿಯಾಕತ್ತೈತಿ ಅಂತ ಕಾಲಿಗೆ ತಿಳಿಯಂಗಿಲ್ಲ" ಅಂದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಅಂತಲೇ ಕರೆಯುವುದು. ನಾನು ಗಣಿತದ ಅಕ್ಕಾರು. ಮನೆ ಕೊಟ್ಟೂರಿನಲ್ಲಿ, ಕೆಲಸ ಇಪ್ಪತ್ತೆರಡು ಕಿಲೋಮೀಟರ್ ಆಚೆ, ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಆ ಹಳ್ಳಿಗೆ ಬೆಳಿಗ್ಗೆ ಎರಡೇ ಬಸ್ಸು. ಒಂದು ಹೋಗಿ ಮುಟ್ಟುವ ಹೊತ್ತಿಗೆ ಶಾಲೆಯ ಬೀಗ ಕೂಡ ತೆಗೆದಿರುವುದಿಲ್ಲ. ಇನ್ನೊಂದು ಮುಟ್ಟುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತದೆ. ಹಾಗಾಗಿ ನಾವು ನಾಲ್ವರು, ಅಂದರೆ ನಾನು, ಹಿಂದಿ ಟೀಚರು, ಕನ್ನಡ ಮೇಷ್ಟ್ರು ಮತ್ತು ಪಿ.ಟಿ. ಮೇಷ್ಟ್ರು, ತಲೆಗೆ ತಿಂಗಳಿಗೆ ಎರಡು ಸಾವಿರದಂತೆ ಕೊಟ್ಟು ಅವರ ಟ್ಯಾಕ್ಸಿ ಗೊತ್ತು ಮಾಡಿಕೊಂಡಿದ್ದೆವು. ಬೆಳಿಗ್ಗೆ ಒಯ್ದು ಬಿಡುವುದು, ಸಂಜೆ ಬಂದು ಕರೆತರುವುದು.

ಅದೊಂದು ಬಿಳಿಯ ಹಳೇ ಗಾಡಿ, ಹಳದಿ ಬೋರ್ಡು. ಅವರು ಅದನ್ನು ಕೊಂಡಾಗಲೇ ಇಬ್ಬರ ಕೈ ದಾಟಿ ಬಂದಿತ್ತಂತೆ. ಆದರೆ ಅದರ ಮೈಮೇಲೆ ಒಂದು ದಿನವೂ ನಾನು ದೂಳು ಕಂಡಿಲ್ಲ. ಹಡಗಲಿಯ ಮಲ್ಲಿಗೆ ಬುಟ್ಟಿಗಳನ್ನು ಹೊಸಪೇಟೆಯ ಪೇಟೆಗೆ ಮುಟ್ಟಿಸುವ ಬಾಡಿಗೆ ಸಿಕ್ಕ ದಿನವಂತೂ ಕನ್ನಡಿಗೆ ಒಂದು ಮೊಳ ಹೂವು ಖಾಯಂ. ಆವತ್ತು ಶಾಲೆ ಮುಟ್ಟುವವರೆಗೂ ನಾವೆಲ್ಲ ಮದುವೆಗೆ ಹೊರಟವರ ಹಾಗೆ ಘಮಘಮ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು ಅಂತಾಳ್ರಿ ನಮ್ಮ ಮನಿಯಾಕಿ" ಅಂತ ಅವರೇ ಹೇಳಿಕೊಂಡು ನಗುತ್ತಿದ್ದರು.

ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತೊಂದು: "ಗಾಡಿ ಉಂಡ ಮ್ಯಾಲೆ ನಾವು ಉಣ್ಣಾದು." ಡೀಸೆಲ್ ಅದರ ಊಟ, ಆಯಿಲ್ ಅದರ ತುಪ್ಪ. ಟೈರು, ಇನ್ಶೂರೆನ್ಸು, ಎಫ್‌ಸಿ, ಬ್ಯಾಂಕಿನ ಕಂತು ಎಲ್ಲ ಅದರ ಹಬ್ಬ ಹುಣ್ಣಿಮೆ. ಎಲ್ಲಾ ಉಂಡು ತೇಗಿದ ಮೇಲೆ ತಳದಲ್ಲಿ ಏನಾದರೂ ಉಳಿದಿದ್ದರೆ ಗಂಡ ಹೆಂಡತಿಗೆ. ಮಾತಿನಲ್ಲಿ ದೂರು ಇರುತ್ತಿರಲಿಲ್ಲ. ಸೊಸೆಗೆ ಹಸಿವು ಜಾಸ್ತಿ ಅಂತ ಮಾವ ಹೇಳಿದ ಹಾಗಿರುತ್ತಿತ್ತು.

ನಾವು ಮಾತಿಗೆ ಶುರುಮಾಡಿದರೆ ಅವರು ಹಾಡು ಸಣ್ಣಗೆ ಮಾಡುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದರು. ಈಗ ನೆನಪಿಸಿಕೊಂಡರೆ ನಾಚಿಕೆಯಾಗುತ್ತದೆ, ನಮ್ಮ ಅರ್ಧ ಮಾತು ಸಂಬಳದ್ದೇ. ತುಟ್ಟಿಭತ್ಯೆ ಎಷ್ಟು ಏರಿತು, ಬಾಕಿ ಯಾವಾಗ ಬರುತ್ತದೆ, ಇದೇ. ಬಾಕಿ ಬಂದ ದಿನ ಕನ್ನಡ ಮೇಷ್ಟ್ರು ಗಾಡಿಯಲ್ಲೇ ಪೇಡೆ ಹಂಚಿದರು. ಅಣ್ಣಾರೂ ಒಂದು ತಿಂದರು, ಚಲೋ ಆತ್ರಿ ಅಂದರು. ಅವರ ಬಾಡಿಗೆ ಮಾತ್ರ ನಾಲ್ಕು ವರ್ಷದಿಂದ ಅಷ್ಟೇ ಇತ್ತು. ಒಮ್ಮೆ ಹಿಂದಿ ಟೀಚರು ಇನ್ನೂರು ಹೆಚ್ಚು ಕೊಡೋಣವಾ ಅಂದಿದ್ದಕ್ಕೆ ಪೇಡೆ ಹಂಚಿದ ಇದೇ ಮೇಷ್ಟ್ರು ಒಂದು ತಿಂಗಳು ವಾದ ಮಾಡಿದ್ದರು.

ಒಂದು ಭಾನುವಾರದ ಸಂಗತಿ ಹೇಳಬೇಕು. ಕೂಡ್ಲಿಗಿಯಲ್ಲಿ ತರಬೇತಿ ಮುಗಿಸಿ ಅವರ ಗಾಡಿಯಲ್ಲೇ ಕೊಟ್ಟೂರಿಗೆ ಹೊರಟಿದ್ದೆ. ಆಸ್ಪತ್ರೆಯ ಮುಂದೆ ಒಬ್ಬ ಬಾಣಂತಿ, ಮಡಿಲಲ್ಲಿ ಐದು ದಿನದ ಕೂಸು, ಜೊತೆಗೆ ಅವಳ ಅತ್ತೆ, ಬಸ್ಸಿಗೆ ಕಾಯುತ್ತ ನಿಂತಿದ್ದರು. ಕೂಲಿ ಮಾಡುವ ಮಂದಿ, ಕಾನಹೊಸಹಳ್ಳಿ ಕಡೆಯವರು. ಅದು ನಮ್ಮ ದಾರಿಯೇ ಅಲ್ಲ. ಅಣ್ಣಾರು ನನ್ನ ಮುಖವನ್ನೊಮ್ಮೆ ನೋಡಿದರು. ನಾನು ಹೂಂ ಅನ್ನುವಷ್ಟರಲ್ಲಿ ಅವರನ್ನು ಹತ್ತಿಸಿಕೊಂಡಾಗಿತ್ತು. ಹೈವೇ ಮೇಲೆ ಎತ್ತಿನ ಬಂಡಿಯ ವೇಗ. ಒಂದು ಸಲವೂ ಹಾರ್ನ್ ಮಾಡಲಿಲ್ಲ. ಹಿಂದಿನ ಲಾರಿಯವರು ಬೈದು ಮುಂದೆ ಹೋದರು. ಮನೆ ಮುಂದೆ ಇಳಿದ ಮುದುಕಿ ಸೆರಗಿನ ಗಂಟು ಬಿಚ್ಚತೊಡಗಿದಾಗ, "ಎಲಿ ಅಡಿಕಿ ಇದ್ರ ಕೊಡವ್ವಾ, ಸಾಕು" ಅಂದರು.

ವಾಪಸು ಬರುವಾಗ ನಾನು ಮನಸ್ಸಿನಲ್ಲೇ ಡೀಸೆಲ್ ಲೆಕ್ಕ ಹಾಕಿ ಹೇಳಿದೆ. ಅವರು ಅಡಿಕೆ ಅಗಿಯುತ್ತ, "ಹೊಸಾ ಜೀವ ಮೊದಲನೇ ಸಲ ಗಾಡಿ ಹತ್ತೈತ್ರಿ ಅಕ್ಕಾರ. ಅದರ ಕಡಿಂದ ರೊಕ್ಕ ಇಸ್ಕೊಂಡ್ರ ಗಾಡಿಗೆ ಚಲೋದಲ್ಲ. ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ" ಅಂದರು.

ಇದಾಗಿ ಕೆಲವು ತಿಂಗಳಿಗೆ, ಒಂದು ಸಂಜೆ ಎಲ್ಲರನ್ನೂ ಇಳಿಸಿದ ಮೇಲೆ ನನ್ನ ಮನೆ ಮುಂದೆ ಗಾಡಿ ನಿಲ್ಲಿಸಿ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಒಳಗೆ ಡೀಸೆಲ್ ಚೀಟಿಗಳು, ಗ್ಯಾರೇಜಿನ ಬಿಲ್ಲುಗಳು, ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದ ಒಂದು ತಿಂಗಳ ಟ್ರಿಪ್ಪುಗಳು. ಹೊಸಪೇಟೆಯ ಒಬ್ಬ ಕಾಂಟ್ರಾಕ್ಟರು ಸಂಬಳದ ಮೇಲೆ ಡ್ರೈವರ್ ಕೆಲಸಕ್ಕೆ ಕರೆದಿದ್ದಾರೆ, ಅಲ್ಲೇ ಉಳಿಯಬೇಕು, ತಿಂಗಳಿಗೊಮ್ಮೆ ಊರಿಗೆ ಬರಬಹುದು ಅಂದರು.

"ಮನಿಯಾಕಿ ಹೋಗ್ರಿ ಅಂತಾಳ. ನನಗ ಮನಸ್ಸಿಲ್ಲ. ನೀವು ಲೆಕ್ಕದೋರು, ಕೂಡಿಸಿ ಕಳದು ನೋಡ್ರಿ. ಎಲ್ಲಾ ಖರ್ಚು ಹೋಗಿ ತಿಂಗಳಿಗೆ ಹತ್ತು ಸಾವಿರ ಕೈಯಾಗ ಉಳದ್ರ ಸಾಕು, ಗಾಡಿ ಇಟ್ಕೊಂತೀನಿ. ಇಲ್ಲಂದ್ರ ಮಾರಿ ಹೋಗ್ತೀನಿ."

ನನಗೆ ಲೆಕ್ಕವೆಂದರೆ ಹಬ್ಬ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತೆ. ಒಂದೊಂದು ಟ್ರಿಪ್ಪಿಗೂ ಬೇರೆ ಬೇರೆ ಸಾಲು ಹಾಕಿದೆ. ಎಷ್ಟು ಬಂತು, ಡೀಸೆಲ್ಲಿಗೆ ಎಷ್ಟು ಹೋಯಿತು, ಉಳಿದದ್ದೆಷ್ಟು. ಮಲ್ಲಿಗೆಯ ಟ್ರಿಪ್ಪಿನಲ್ಲಿ ಉಳಿಯುತ್ತಿತ್ತು, ಬರುವಾಗ ಹಗರಿಬೊಮ್ಮನಹಳ್ಳಿಯಿಂದ ಜನ ಸಿಗುತ್ತಿದ್ದರು. ಮದುವೆ ಟ್ರಿಪ್ಪಿನಲ್ಲಿ ಚೆನ್ನಾಗಿ ಉಳಿಯುತ್ತಿತ್ತು. ಆಮೇಲೆ ನಮ್ಮ ಟ್ರಿಪ್ಪಿಗೆ ಬಂದೆ.

ನಮ್ಮನ್ನು ಶಾಲೆಗೆ ಬಿಟ್ಟು ಅವರು ಖಾಲಿ ಗಾಡಿ ತರುತ್ತಿದ್ದರು, ಆ ಹೊತ್ತಿನಲ್ಲಿ ಆ ಹಳ್ಳಿಯಿಂದ ಯಾರೂ ಹತ್ತುವುದಿಲ್ಲ. ಸಂಜೆ ಖಾಲಿಯೇ ಬಂದು ನಮ್ಮನ್ನು ಹತ್ತಿಸಿಕೊಳ್ಳುತ್ತಿದ್ದರು. ದಿನಕ್ಕೆ ಎರಡು ಸಲ ನಮ್ಮನ್ನು ಹೊತ್ತರೆ ಎರಡು ಸಲ ಬರೀ ಗಾಳಿ. ಎರಡೆರಡು ಬಾರಿ ಕೂಡಿಸಿದೆ. ನಾವು ನಾಲ್ವರೂ ಸೇರಿ ಕೊಡುತ್ತಿದ್ದ ಎಂಟು ಸಾವಿರ ನಮ್ಮ ದಾರಿಯ ಡೀಸೆಲ್ಲಿಗೇ ಸಾಲುತ್ತಿರಲಿಲ್ಲ. ತಿಂಗಳಿಗೆ ಎರಡು ಸಾವಿರಕ್ಕೂ ಮಿಕ್ಕಿ ಅವರೇ ಕೈಯಿಂದ ಹಾಕಿ ನಮ್ಮನ್ನು ಶಾಲೆಗೆ ಒಯ್ಯುತ್ತಿದ್ದರು. ಕೊನೆಗೆ ಎಲ್ಲಾ ಕಳೆದು ಅವರ ಕೈಯಲ್ಲಿ ಉಳಿದದ್ದು ಆರು ಸಾವಿರದ ನಾನೂರು. ದಿನಕ್ಕೆ ಹಂಚಿದರೆ ಹಡಗಲಿಯಲ್ಲಿ ಮಲ್ಲಿಗೆ ಬಿಡಿಸುವ ಹೆಂಗಸರ ದಿನಗೂಲಿಗೂ ಅದು ಸಮ ಬರುತ್ತಿರಲಿಲ್ಲ.

ಗಣಿತದವಳು ನಾನು, ಮುಂದಿನದು ಕಾಣದೇ ಇರಲಿಲ್ಲ. ನಾವು ತಲೆಗೆ ಒಂದು ಸಾವಿರ ಹೆಚ್ಚು ಕೊಟ್ಟಿದ್ದರೆ ಅದು ಹತ್ತು ಸಾವಿರದ ನಾನೂರು ಆಗುತ್ತಿತ್ತು. ಗಾಡಿ ಉಳಿಯುತ್ತಿತ್ತು. ಆ ಸಲದ ತುಟ್ಟಿಭತ್ಯೆಯಲ್ಲಿ ನನಗೊಬ್ಬಳಿಗೇ ಅದಕ್ಕಿಂತ ಹೆಚ್ಚು ಏರಿತ್ತು.

ಆದರೂ ನಾನು ಬೇರೆ ಹಾಳೆ ತೆಗೆದುಕೊಂಡೆ. ಟ್ರಿಪ್ಪುಗಳ ಸಾಲು ಬಿಟ್ಟು, ಒಟ್ಟು ಬಾಡಿಗೆ ಇಷ್ಟು, ಒಟ್ಟು ಖರ್ಚು ಇಷ್ಟು, ಉಳಿಕೆ ಇಷ್ಟು ಅಂತ ಮೂರೇ ಸಾಲು ದುಂಡಗೆ ಬರೆದೆ. ಯಾಕೆ ಹಾಗೆ ಮಾಡಿದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೇಷ್ಟ್ರ ಜೊತೆ ಮತ್ತೆ ಒಂದು ತಿಂಗಳ ವಾದ ಬೇಡ ಅನ್ನಿಸಿತ್ತು, ನಿಜ. ನನ್ನ ಒಂದು ಸಾವಿರವೂ ನನಗೆ ಬೇಕಾಗಿತ್ತು, ಅದೂ ನಿಜ. ಅದಕ್ಕಿಂತ ಹೆಚ್ಚಾಗಿ, ನಾಲ್ಕು ವರ್ಷ ಅವರ ಅನ್ನದಲ್ಲಿ ನಾವು ಓಡಾಡಿದ್ದೇವೆ ಅಂತ ನನ್ನ ಕೈಯಾರೆ ಬರೆದು ಅವರಿಗೇ ಕೊಡಲು ಮುಖವಿರಲಿಲ್ಲ.

ಸೋಮವಾರ ಸಂಜೆ ಹಾಳೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಮೂರು ಸಾಲಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ಯಾವ ಟ್ರಿಪ್ಪಿನಾಗ ರೊಕ್ಕ ಹೋಗಾಕತ್ತೈತಿ ಅಂತ ಏನರ ಗೊತ್ತಾತೇನ್ರಿ ಅಕ್ಕಾರ?"

"ಎಲ್ಲಾದ್ರಾಗೂ ಸ್ವಲ್ಪ ಸ್ವಲ್ಪ ಹೋಗೈತ್ರಿ ಅಣ್ಣಾರ" ಅಂದೆ.

"ಹೌದನ್ರಿ" ಅಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು. ನಾನು ಗಾಡಿಯಿಂದ ಇಳಿದೆ. ಹದಿನೈದು ದಿನದಲ್ಲಿ ಗಾಡಿ ಹರಪನಹಳ್ಳಿಯವರೊಬ್ಬರಿಗೆ ಮಾರಾಟವಾಯಿತು.

ಆಮೇಲಿಂದ ನಾವು ಮೊದಲ ಬಸ್ಸಿನವರಾದೆವು. ಬೀಗ ಹಾಕಿದ ಶಾಲೆಯ ಕಟ್ಟೆಯ ಮೇಲೆ ಕೂತು ತೂಕಡಿಸುತ್ತಿದ್ದೆವು. ಕನ್ನಡ ಮೇಷ್ಟ್ರೇ ಎಲ್ಲರಿಗಿಂತ ಹೆಚ್ಚು ಗೊಣಗಿದರು. ನನಗೆ ನಿದ್ದೆ ಹೋದದ್ದು ದೊಡ್ಡದಲ್ಲ. ಆ ದಾರಿಯೇ ಹೋಯಿತು ಅನ್ನಿಸುತ್ತಿತ್ತು. ಇಳಿಜಾರು ಬಂದಾಗ ಅವರು ಕಾಲು ಹಗುರ ಮಾಡುತ್ತಿದ್ದುದು, ಶೇಂಗಾ ಹೊಲದ ಅಂಚಿನಲ್ಲಿ ಕುರಿ ಹಿಂಡು ಅಡ್ಡ ಬಂದರೆ ಇಂಜಿನ್ ಆರಿಸಿ ಕುರಿಗಾರನ ಮನೆಮಂದಿಯನ್ನೆಲ್ಲ ವಿಚಾರಿಸುತ್ತಿದ್ದುದು, ಯಾವುದೂ ಬಸ್ಸಿನ ಕಿಟಕಿಯಿಂದ ಸಿಗಲಿಲ್ಲ. ಬಿಳಿ ಗಾಡಿ ಎದುರಾದಾಗಲೆಲ್ಲ ಕತ್ತು ತಿರುಗಿಸಿ ನೋಡುವುದು ಇವತ್ತಿಗೂ ಬಿಟ್ಟಿಲ್ಲ.

ಒಮ್ಮೆ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಬೂಟು ಹಾಕಿಕೊಂಡಿದ್ದರು. ಹೇಗಿದೆ ಕೆಲಸ ಅಂತ ಕೇಳಿದೆ. "ಚಲೋ ಐತ್ರಿ, ಎಸಿ ಗಾಡಿ. ಡೀಸೆಲ್ ಸಾಹೇಬ್ರು ಹಾಕಸ್ತಾರ, ಎಷ್ಟು ಕುಡಿತೈತಿ ಅಂತ ನಾನು ಕೇಳಂಗಿಲ್ಲ" ಅಂದರು. ಆಮೇಲೆ, "ಹುಡುಗರು ಹೆಂಗದಾರ್ರಿ, ರಿಸಲ್ಟ್ ಎಷ್ಟು ಬಂತು" ಅಂತ ನಮ್ಮ ಶಾಲೆಯದನ್ನೇ ಕೇಳಿದರು. ಆಗಲಾದರೂ ಹೇಳಬಹುದಿತ್ತು. ಬಸ್ಸು ಬಂತು, ಅವರು ಹತ್ತಿದರು.

ಹೋದ ವರ್ಷ ಅವರು ತೀರಿಕೊಂಡರು. ಹೊಸಪೇಟೆಯಲ್ಲೇ, ಡ್ರೈವರುಗಳ ರೂಮಿನಲ್ಲಿ, ಎದೆನೋವು ಅಂತ ಮಲಗಿದವರು ಏಳಲಿಲ್ಲ. ಸುದ್ದಿ ನನಗೆ ತಡವಾಗಿ ಮುಟ್ಟಿತು. ದಿವಸದ ಕಾರ್ಯವೂ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಕಂಡವರೇ "ಲೆಕ್ಕದ ಅಕ್ಕಾರ ಅಲ್ರೀ? ಬರ್ರಿ ಒಳಗ" ಅಂದರು. ಗಾಡಿಯಲ್ಲಿ ನಾವಾಡಿದ ಮಾತೆಲ್ಲ ದಿನಾ ಸಂಜೆ ಆಕೆಗೆ ಮುಟ್ಟುತ್ತಿತ್ತಂತೆ. ನಾಕು ಮಂದಿ ಓದಿದೋರ ಮಾತು ಕೇಳ್ಕೊಂತ ಹೋಗಾದ್ರಾಗ ಅವರಿಗೆ ಅಷ್ಟು ಖುಷಿ ಇತ್ತಂತೆ.

ಚಾಪೆ ಹಾಸಿ, ಚಹಾ ತಂದಿಟ್ಟರು. ಲೋಟ ಮುಟ್ಟುವ ಮೊದಲೇ ಹೇಳಿಬಿಟ್ಟೆ.

"ಅತ್ತಿಗೀ, ನಷ್ಟ ಆಗ್ತಿದ್ದುದು ನಮ್ಮ ಟ್ರಿಪ್ಪಿನಾಗ. ಲೆಕ್ಕ ಮಾಡೋವಾಗ ನನಗೆ ಕಂಡಿತ್ತು. ನಾನು ಅದನ್ನ ಬರೀಲಿಲ್ಲ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಸಿಟ್ಟು ಬಂದಂತೆ ಕಾಣಲಿಲ್ಲ.

"ಅವ್ರಿಗೂ ಗೊತ್ತಿತ್ರಿ ಅಕ್ಕಾರ. ಇಪ್ಪತ್ತು ವರ್ಷ ಗಾಡಿ ಹೊಡದೋರಿಗೆ ಅಷ್ಟು ತಿಳಿಯಂಗಿಲ್ಲೇನು? ರೊಕ್ಕ ಹೆಚ್ಚು ಮಾಡ್ರಿ ಅಂತ ಮಕ್ಕಳಿಗೆ ಕಲಸೋರನ್ನ ಬಾಯಿಬಿಟ್ಟು ಕೇಳಾಕ ನಾಚಿಕಿ. ಲೆಕ್ಕಾ ಮಾಡಾಕ ಕೊಟ್ರ ಅಕ್ಕಾರಿಗೆ ತಾನ ತಿಳಿತೈತಿ, ತಾವ ಹೇಳ್ತಾರ ಅಂತ ಕೊಟ್ಟಿದ್ರು."

ಆ ಸೋಮವಾರ ಮನೆಗೆ ಬಂದು ಏನಂದರು ಅಂತ ಕೇಳಿದೆ.

"ಏನಂದಾರು? ಅಕ್ಕಾರ ಮುಖ ಸಣ್ಣದಾತು, ಪಾಪ, ಅವ್ರನ್ನ ಇಕ್ಕಟ್ಟಿಗೆ ಸಿಗಸಬಾರದಿತ್ತು ನಾನು, ಅಂದ್ರು. ಅಷ್ಟ."

ಚಹಾ ಆರುತ್ತದೆ, ಕುಡಿಯಿರಿ ಅಂತ ಆಕೆ ಎರಡು ಸಲ ಹೇಳಿದರು. ನಾನು ಅಲ್ಲಿ ಅತ್ತದ್ದು ಅವರ ಸಾವಿಗೋ ನನ್ನ ಸುಳ್ಳಿಗೋ ನನಗೇ ಗೊತ್ತಿಲ್ಲ. ಕೊಟ್ಟೂರಿನಿಂದ ಆ ಹಳ್ಳಿಗೆ ಒಂದೇ ಒಂದು ಸಲ ಮತ್ತೆ ಅವರ ಗಾಡಿಯಲ್ಲಿ ಹೋಗಬೇಕು, ನಿಮ್ಮ ರೊಕ್ಕ ನಮ್ಮ ಟ್ರಿಪ್ಪಿನಾಗ ಹೋಗಾಕತ್ತೈತ್ರಿ ಅಣ್ಣಾರ ಅಂತ ನನ್ನ ಬಾಯಿಂದಲೇ ಹೇಳಬೇಕು, ಅವರು ಹೌದನ್ರಿ ಅನ್ನುವುದನ್ನು ಕೇಳಬೇಕು ಅನ್ನಿಸುತ್ತದೆ.