ಹೊತ್ತಿನ ಲೆಕ್ಕ ಹಿಡಿದ ನರ್ಸಮ್ಮ

ಅವರ ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರವಿರುತ್ತಿತ್ತು. ಪಟ್ಟಿ ಸಡಿಲವಾಯಿತೆಂದು ದಬ್ಬಣ ಕಾಯಿಸಿ ತಾವೇ ಇನ್ನೆರಡು ತೂತು ಹಾಕಿಕೊಂಡಿದ್ದರು. ಹೆರಿಗೆಗೆ ಕೈ ತೊಳೆಯುವ ಮುಂಚೆ ಅದನ್ನು ಬಿಚ್ಚಿ, ಪಿನ್ನು ಹಾಕಿ ಸೆರಗಿಗೆ ಸಿಕ್ಕಿಸಿಕೊಳ್ಳುವರು. ಆಗ ಕಪ್ಪು ಕೈಯ ಮೇಲೆ ಬಿಸಿಲು ಕಾಣದ ಬಿಳಿಚು ಪಟ್ಟೆಯೊಂದು ಎದ್ದು ಕಾಣುತ್ತಿತ್ತು.

ಅದು ಎಪ್ಪತ್ತರ ದಶಕದ ಆರಂಭ. ಮಾರಿಕಣಿವೆಯಿಂದಾಚೆಗಿನ ಹಳ್ಳಿಯೊಂದರ ಪ್ರೈಮರಿ ಶಾಲೆಗೆ ನಾನು ಟೀಚರಾಗಿ ಹೋಗಿದ್ದೆ. ನನ್ನವರು ಚಳ್ಳಕೆರೆಯಲ್ಲಿ ಕೆಲಸದಲ್ಲಿದ್ದರು. ಆ ಹಳ್ಳಿಯಲ್ಲೇ ಇದ್ದ ನರ್ಸಮ್ಮ ಹೊಳಲ್ಕೆರೆ ಕಡೆಯವರು, ನಲವತ್ತು ದಾಟಿದವರು, ಮದುವೆಯಾದವರಲ್ಲ. ಸುತ್ತಲ ಏಳೆಂಟು ಹಳ್ಳಿಗಳ ಬಸುರಿ ಬಾಣಂತಿಯರೆಲ್ಲ ಅವರ ಪಾಲಿಗೇ. ಬಾಯಿ ಸ್ವಲ್ಪ ಜೋರು. ಬಾಣಂತಿಗೆ ನೀರು ಕೊಡದೆ ಬಾಯೊಣಗಿಸುವ ಅತ್ತೆಯಂದಿರನ್ನು ಬೀದಿಯಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಆಮೇಲೆ ಅದೇ ಮನೆಯಲ್ಲಿ ಕೂತು ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಕೇಳಿ ತಿನ್ನುತ್ತಿದ್ದರು.

ಯಾರ ಮನೆಗೆ ಹೋದರೂ ಅವರ ಮೊದಲ ಮಾತು ಒಂದೇ: "ನೋವು ಬಂದು ಎಷ್ಟು ಹೊತ್ತಾತು?" ಗಡಿಯಾರವಿಲ್ಲದ ಮನೆಗಳು. "ಕುರಿ ಬಿಡೋ ಹೊತ್ನಾಗೆ" ಎನ್ನುವರು, "ಮುಸುರೆ ತಿಕ್ಕುವಾಗ" ಎನ್ನುವರು. ನರ್ಸಮ್ಮ ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದರು. ಒಂದು ವಾರ ಪೂರ್ತಿ ಹಟ್ಟಿಯ ಬಳಿ ನಿಂತು, ಕುರಿ ಯಾವಾಗ ಬಿಡುತ್ತಾರೆ, ಯಾವಾಗ ತಿರುಗಿ ಬರುತ್ತವೆ ಎಂದು ನೋಡಿ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. ಬೇಸಿಗೆಗೆ ಬೇರೆ, ಚಳಿಗಾಲಕ್ಕೆ ಬೇರೆ. ಕುರಿ ಕಾಯುವವರು ಇವರಿಗೇನೋ ಆಗಿದೆ ಎಂದು ನಕ್ಕಿದ್ದರಂತೆ.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಆ ನೋಟುಬುಕ್ಕು ಹಿಡಿದು ನನ್ನ ಹತ್ತಿರ ಬಂದರು. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಿಸಿ ಕೂತು, ರಾತ್ರಿ ಹತ್ತು ನಲವತ್ತರಿಂದ ಬೆಳಿಗ್ಗೆ ಏಳು ಹದಿನೈದಕ್ಕೆ ಎಷ್ಟಾಗುತ್ತದೆ ಎಂದು ಕೇಳಿದರು. ಕಳೆಯುವ ಲೆಕ್ಕ ಮಾಡಿ ಎಂಟು ಗಂಟೆ ಎಪ್ಪತ್ತೈದು ನಿಮಿಷ ತಂದಿದ್ದರು. ಎಲ್ಲೋ ತಪ್ಪಿದೆ ಎಂದು ಅವರಿಗೇ ಗೊತ್ತಾಗಿತ್ತು, ಎಲ್ಲಿ ಎಂದು ತಿಳಿದಿರಲಿಲ್ಲ. ಗಂಟೆಯಿಂದ ನಿಮಿಷಕ್ಕೆ ಸಾಲ ತರುವಾಗ ನೂರಲ್ಲ, ಅರವತ್ತು ಎಂದು ತೋರಿಸಿದೆ. ಇನ್ನೂ ಸುಲಭವಾಗಬೇಕೆಂದರೆ ಮೊದಲು ನಡುರಾತ್ರಿ ಹನ್ನೆರಡರವರೆಗೆ ಎಣಿಸಿ ನಿಲ್ಲಿ, ಒಂದು ಗಂಟೆ ಇಪ್ಪತ್ತು ನಿಮಿಷ; ಅಲ್ಲಿಂದಾಚೆಗೆ ಏಳೂ ಕಾಲು; ಎರಡನ್ನೂ ಕೂಡಿಸಿ ಎಂದೆ. ಎಂಟು ಗಂಟೆ ಮೂವತ್ತೈದು ನಿಮಿಷ ಎಂದು ಬರೆದು ಕೆಳಗೆ ಗೆರೆ ಎಳೆದರು. ಎರಡು ವಾರ ದಿನಾ ಬಂದು, ನಾನು ಕೊಟ್ಟ ಲೆಕ್ಕ ಮಾಡಿಕೊಂಡು ಹೋದರು. ತಾರೀಖು ಬದಲಾಗುವ ಲೆಕ್ಕವನ್ನೇ ಹೆಚ್ಚು ಕೇಳುತ್ತಿದ್ದರು.

ಇಷ್ಟೇಕೆ ಹಟ ಎಂದು ಒಂದು ದಿನ ಕೇಳಿದೆ. ತಡೆದು ತಡೆದು ಹೇಳಿದರು. ಮೊದಲು ಅವರು ಹೊಸದುರ್ಗದ ಕಡೆ ಇದ್ದಾಗ ಒಂದು ಚೊಚ್ಚಲ ಹೆರಿಗೆಗೆ ಕರೆ ಬಂದಿತ್ತು. ಇವರು ಮುಟ್ಟಿದಾಗ ಸಂಜೆ ನಾಲ್ಕು. ಹನ್ನೆರಡು ಗಂಟೆಗೆ ನೀರು ಹೋಯಿತೆಂದು ಮನೆಯವರು ಹೇಳಿದರು. ಇನ್ನೂ ಸಮಯವಿದೆ, ಕಾಯೋಣ ಎಂದು ಇವರು ಕೂತರು. ಆ ಮನೆಯವರು ಹೇಳಿದ್ದು ಹಿಂದಿನ ರಾತ್ರಿಯ ಹನ್ನೆರಡು.

"ನಾಲ್ಕು ತಾಸು ಅಂತ ಕುಂತಿದ್ದೆ ಟೀಚರಮ್ಮ. ಹದಿನಾರಾಗಿತ್ತು. ದುರ್ಗದ ದೊಡ್ಡಾಸ್ಪತ್ರೆಗೆ ಒಯ್ಯೋ ದಾರ್ಯಾಗೆ ಆ ಹುಡುಗಿ ಹೋತು. ಹಗಲೋ ರಾತ್ರಿಯೋ ಅಂತ ಒಂದು ಮಾತು ಕೇಳಿದ್ರೆ ಆಗಿತ್ತು."

ಆಮೇಲೆ ನೋಟುಬುಕ್ಕು ಎಳೆದುಕೊಂಡು ಮುಂದಿನ ಲೆಕ್ಕಕ್ಕೆ ಕೂತರು.

ಮರುವರ್ಷ ನಾನೇ ಬಸುರಿಯಾದೆ. ರಜೆ ಇನ್ನೂ ಆರಂಭವಾಗಿರಲಿಲ್ಲ, ತವರಿಗೆ ಹೋಗುವ ಮೊದಲೇ, ದಿನ ತುಂಬಲು ಇನ್ನೂ ಮೂರು ವಾರವಿರುವಾಗ, ಒಂದು ಬೆಳಿಗ್ಗೆ ಐದು ಐವತ್ತಕ್ಕೆ ನೀರು ಹೋಯಿತು. ನನ್ನನ್ನು ಕರೆದೊಯ್ಯಲು ಬಂದಿದ್ದ ಅಮ್ಮ ಜೊತೆಗಿದ್ದಳು. ನರ್ಸಮ್ಮ ಓಡಿ ಬಂದರು, ಚೀಟಿಯಲ್ಲಿ ತಾರೀಖು, ಗಂಟೆ ಬರೆದುಕೊಂಡರು. ಮಧ್ಯಾಹ್ನ ಒಂದೂವರೆಯಾದರೂ ಮಗು ಕೆಳಗಿಳಿದಿರಲಿಲ್ಲ. ಮತ್ತೊಮ್ಮೆ ಪರೀಕ್ಷಿಸಿ, ಇದು ತಮ್ಮ ಕೈಯಲ್ಲಾಗುವುದಲ್ಲ, ಈಗಲೇ ಗಾಡಿ ಕಟ್ಟಿಸಿ ದುರ್ಗದ ದೊಡ್ಡಾಸ್ಪತ್ರೆಗೇ ಹೋಗಬೇಕು ಎಂದರು.

ಊರಿಗೆ ಬಸ್ಸು ಬರುವುದು ನಾಲ್ಕಕ್ಕೆ. ಬಸ್ಸಿನಲ್ಲೇ ಹೋಗೋಣ, ಎತ್ತಿನ ಗಾಡಿಯ ಕುಲುಕಾಟಕ್ಕೆ ಮಗಳು ಉಳಿಯುವುದಿಲ್ಲ ಎಂದು ಅಮ್ಮ ಪಟ್ಟು ಹಿಡಿದಳು. ನರ್ಸಮ್ಮ ಆ ದಿನ ಬೈಯಲಿಲ್ಲ. ಅಮ್ಮನ ಪಕ್ಕ ಕೂತು ಚೀಟಿಯ ಹಿಂಭಾಗದಲ್ಲಿ ಬರೆಯುತ್ತಾ ಹೋದರು. ನಾಲ್ಕರ ಬಸ್ಸು ಹಿರಿಯೂರು ಮುಟ್ಟುವಾಗ ಐದೂ ಕಾಲು. ಅಲ್ಲಿ ದುರ್ಗದ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕು. ದುರ್ಗ ಸೇರುವಾಗ ಏಳೂವರೆ. ಗಾಡಿಯಲ್ಲಾದರೆ ಟಾರು ರಸ್ತೆಗೆ ಒಂದೂ ಕಾಲು ಗಂಟೆ, ಮೂರೂ ಹತ್ತಕ್ಕೆ ಅಲ್ಲಿ ಹೊಸದುರ್ಗದಿಂದ ಬರುವ ಬಸ್ಸು ಸಿಗುತ್ತದೆ, ಐದೂವರೆಯೊಳಗೆ ದುರ್ಗ.

"ಎರಡು ತಾಸು ಉಳಿತೈತೆ ಅಮ್ಮ. ಆ ಎರಡು ತಾಸು ನಂಗೆ ಬೇಕು."

ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಚೀಟಿಯನ್ನಲ್ಲ, ಅವರ ಮುಖವನ್ನೇ ನೋಡಿದಳು. ಎದ್ದು ಗಾಡಿಗೆ ಹುಲ್ಲು ಹಾಸಲು ಹೇಳಿದಳು.

ಗಾಡಿ ಟಾರು ರಸ್ತೆ ಮುಟ್ಟಿದಾಗ ಮೂರೂ ಐದು. ಮೂರೂ ಹತ್ತಾಯಿತು, ಮೂರೂ ಇಪ್ಪತ್ತಾಯಿತು, ಬಸ್ಸು ಬರಲಿಲ್ಲ. ನಾನು ನೋವಿನಲ್ಲಿ ಗಾಡಿಯ ಗೂಟ ಹಿಡಿದು ಅವರತ್ತ ನೋಡಿದೆ. ಅಷ್ಟು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಹೆದರಿಕೆ ಕಂಡಿತು. ಆಗ ದೂರದಲ್ಲೊಂದು ಶೇಂಗಾ ಮೂಟೆಯ ಲಾರಿ ಕಾಣಿಸಿತು. ನರ್ಸಮ್ಮ ರಸ್ತೆಯ ನಡುವೆ ಹೋಗಿ ಎರಡು ಕೈ ಚಾಚಿ ನಿಂತರು. ಲಾರಿ ಅವರಿಂದ ಮಾರು ದೂರದಲ್ಲಿ ನಿಂತಿತು. ಡ್ರೈವರ್ ಬೈಯಲು ಬಾಯಿ ತೆರೆದವನು ಗಾಡಿಯಲ್ಲಿದ್ದ ನನ್ನನ್ನು ಕಂಡು ಬಾಗಿಲು ತೆಗೆದ. ಹಿರಿಯೂರಿನಲ್ಲಿ ಎಲ್ಲೂ ನಿಲ್ಲಿಸದೆ, ಆಸ್ಪತ್ರೆಯ ಬಾಗಿಲಿಗೇ ತಂದು ಬಿಟ್ಟ. ಆಗ ಐದೂ ಇಪ್ಪತ್ತು.

ನೀರು ಹೋಗಿ ಎಷ್ಟು ಹೊತ್ತಾಯಿತೆಂದು ಅಲ್ಲಿಯ ಡಾಕ್ಟರಮ್ಮ ಕೇಳಿದಾಗ ಅಮ್ಮ ಬೆಳಗಿನ ಜಾವ ಎಂದಳು. ನರ್ಸಮ್ಮ ಮುಂದೆ ಬಂದು ಚೀಟಿ ಕೊಟ್ಟು, ಹನ್ನೊಂದೂವರೆ ತಾಸು ಎಂದರು. ಡಾಕ್ಟರಮ್ಮ ಮತ್ತೇನೂ ಕೇಳದೆ ನನ್ನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಹುಟ್ಟಿದ್ದು ಹೆಣ್ಣು. ಅವಳ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತು. ಇನ್ನಷ್ಟು ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು.

ಬೆಳಿಗ್ಗೆ ನನಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ನರ್ಸಮ್ಮ ಮೊದಲ ಬಸ್ಸಿಗೆ ಹೊರಟುಹೋಗಿದ್ದರು. ಊರಲ್ಲಿ ಇನ್ನೊಬ್ಬಳಿಗೆ ದಿನ ತುಂಬಿತ್ತಂತೆ. ನಾನು ಬಾಣಂತನ ಮುಗಿಸಿ ಬರುವಷ್ಟರಲ್ಲಿ ಅವರಿಗೆ ಹೊಳಲ್ಕೆರೆ ಕಡೆಗೇ ವರ್ಗವಾಗಿತ್ತು. ಹೋಗಿ ನೋಡಬೇಕು ಎಂದುಕೊಳ್ಳುತ್ತಲೇ ಐದು ವರ್ಷ ಕಳೆದೆ. ಆ ಮೇಲೆ ಅವರ ತಂಗಿಯ ಕಾಗದ ಬಂತು. ಕಾಮಾಲೆಯಾಗಿ ತೀರಿಕೊಂಡಿದ್ದರು.

ಮಗಳನ್ನು ಕರೆದುಕೊಂಡು ಹೋದೆ. ನಾನು ಯಾರೆಂದು ಹೇಳುತ್ತಲೇ ಆ ತಂಗಿ ಒಳಗಿನವರನ್ನೆಲ್ಲ ಕರೆದಳು. "ನಮ್ಮಕ್ಕನ ಟೀಚರು ಬಂದಾರೆ ನೋಡ್ರಿ, ಲೆಕ್ಕ ಕಲಿಸಿದೋರು" ಎಂದು ಚಾಪೆ ಹಾಸಿ, ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ನಾನು ಅವಳ ಕೈ ಹಿಡಿದು ತಡೆದೆ. ಮಗಳನ್ನು ಅವಳ ಮುಂದೆ ನಿಲ್ಲಿಸಿ, "ಇವಳು ನಿಮ್ಮಕ್ಕ ಉಳಿಸಿಕೊಟ್ಟ ಮಗು" ಎಂದಷ್ಟೇ ಹೇಳಿದೆ.